ಜವಾಬ್ದಾರಿ ಸರ್ಕಾರ ಮತ್ತು ಕೆ. ಚೆಂಗಲರಾಯ ರೆಡ್ಡಿಯವರು

ಸಾಮಾನ್ಯಜ್ಞಾನದ ಪರೀಕ್ಷೆಗೆ ಕುಳಿತವರೆಲ್ಲರೂ ಒಮ್ಮೆಯಾದರೂ ಎದುರಿಸಿರುವ ಪ್ರಶ್ನೆಯೊಂದುಂಟು: ಕರ್ನಾಟಕದ ಪ್ರಥಮ ಮುಖ್ಯಮಂತ್ರಿ ಯಾರು? ಉತ್ತರ ಒಂದು ಸಾಲಿನದು, ಅಂಕವೂ ಒಂದೇ. ಕೆ. ಸಿ. ರೆಡ್ಡಿಯವರು ನಮ್ಮ ಜಿಲ್ಲೆಯವರಾದುದರಿಂದ ನಾವು ಆ ಉತ್ತರವನ್ನು ತುಸು ಹೆಮ್ಮೆಯಿಂದಲೇ ಬರೆಯುತ್ತೇವೆ; ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಅವರು ಆ ಪೀಠಕ್ಕೆ ಬಂದುದು ಹೇಗೆ, ಅವರು ಬರುವುದಕ್ಕೆ ಮೊದಲು ಅಂತಹ ಪೀಠವೊಂದು ಇದ್ದಿತೇ, ಕುಳಿತ ಮೇಲೆ ಅವರ ಕೈಯಲ್ಲಿ ಅಧಿಕಾರವೆಷ್ಟಿದ್ದಿತು, ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲವಾಗಿ ನಾವೂ ಯೋಚಿಸುವುದಿಲ್ಲ. ಫ್ರಾನ್ಸ್ ದೇಶದ ಸಮಾಜವಾದಿ ಪ್ರಧಾನಿ ಲಿಯೋನ್ ಬ್ಲಮ್ ಅವರ ಮಂತ್ರಿಮಂಡಲ ಏಕೆ ಬಿದ್ದಿತೆಂಬುದಕ್ಕೆ ಕಾರಣಗಳನ್ನು ಚರಿತ್ರೆಯ ತರಗತಿಯಲ್ಲಿ ಓದುತ್ತೇವೆ. ಹೋಳೂರು, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ನಮಗೆ, ಹತ್ತಿರದ ಕ್ಯಾಸಂಬಳ್ಳಿಯವರ ರಾಜಕೀಯ ಜೀವನ ಮಾತ್ರ ಒಂದು ಅಂಕದ ವಿಷಯವಾಗಿ ಉಳಿದಿದೆ. ಆ ಜೀವನವನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ಮೈಸೂರಿನ ಚಳವಳಿಯ ಘೋಷಣೆ ‘ಸ್ವಾತಂತ್ರ್ಯ’ ಎಂಬುದಕ್ಕಿಂತ ಹೆಚ್ಚಾಗಿ ‘ಜವಾಬ್ದಾರಿ ಸರ್ಕಾರ’ ಎಂಬುದಾಗಿದ್ದಿತು. ಮಂತ್ರಿಗಳು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಸಂಬಂಧಿಸಿದ ಮಾತು ಇದು. ಜನರು ಆರಿಸಿ ಕಳುಹಿಸಿದ ಸಭೆಗೆ ಮಂತ್ರಿಗಳು ಲೆಕ್ಕ ಒಪ್ಪಿಸಬೇಕು, ಆ ಸಭೆಯ ವಿಶ್ವಾಸವಿರುವಷ್ಟು ದಿನ ಇರಬೇಕು, ವಿಶ್ವಾಸ ತಪ್ಪಿದ ದಿನ ಇಳಿಯಬೇಕು. ಇಷ್ಟೇ ಅದರ ಅರ್ಥ. ಇಂದು ಇದು ನಮಗೆ ನೀರು ಕುಡಿದಷ್ಟು ಸಹಜವೆನಿಸುತ್ತದೆ. ಆದರೆ 1947ರವರೆಗೆ ಮೈಸೂರಿನಲ್ಲಿ ಇದು ಇರಲಿಲ್ಲ.

ಸಭೆಗಳೇನೋ ಇದ್ದವು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಷ್ಟು ಹಿಂದೆಯೇ, 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಸೇರಿದ್ದಿತು. ದೇಶೀಯ ಸಂಸ್ಥಾನಗಳಲ್ಲಿ ಅಂತಹುದು ಅದೇ ಮೊದಲು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. 1923ರ ಸುಧಾರಣೆಗಳಿಂದ ಇವೆರಡರ ಹಕ್ಕುಗಳೂ ಒಂದಿಷ್ಟು ಹೆಚ್ಚಿದವು. ಪ್ರತಿನಿಧಿಗಳು ಕೆರೆಯ ದುರಸ್ತಿ, ಕಂದಾಯದ ಭಾರ, ಶಾಲೆಯ ಅಭಾವ ಮುಂತಾದುವನ್ನು ಕುರಿತು ಅರಿಕೆ ಮಾಡಿಕೊಳ್ಳಬಹುದಾಗಿದ್ದಿತು. ದಿವಾನರು ಕೇಳುತ್ತಿದ್ದರು, ಎಷ್ಟೋ ವೇಳೆ ನಡೆಸಿಯೂ ಕೊಡುತ್ತಿದ್ದರು. ಆದರೆ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು, ದಿವಾನರು ಲೆಕ್ಕ ಒಪ್ಪಿಸಬೇಕಾಗಿದ್ದುದೂ ಮಹಾರಾಜರಿಗೇ. ಸಭೆ ಮುನಿಸಿಕೊಂಡರೆ ದಿವಾನರಿಗೆ ಬೇಸರವಾಗಬಹುದಾಗಿದ್ದಿತು, ಅಧಿಕಾರ ಹೋಗುತ್ತಿರಲಿಲ್ಲ.

ಇನ್ನೊಂದು ತೊಡಕೂ ಇದ್ದಿತು. ಮೈಸೂರಿನ ಆಡಳಿತ ಕೆಟ್ಟದ್ದಾಗಿರಲಿಲ್ಲ. ‘ಮಾದರಿ ಸಂಸ್ಥಾನ’ವೆಂದು ಹೊರಗಿನವರು ಹೊಗಳುತ್ತಿದ್ದುದು ಬರಿಯ ಮುಖಸ್ತುತಿಯಲ್ಲ. ವಿದ್ಯುತ್ತು, ಉಕ್ಕು, ವಿಶ್ವವಿದ್ಯಾನಿಲಯ, ಕನ್ನಂಬಾಡಿ ಕಟ್ಟೆ, ಎಲ್ಲವೂ ದಿವಾನರ ಕಾಲದಲ್ಲಿಯೇ ಬಂದವು. ಕ್ರೂರನಾದ ದೊರೆಯನ್ನು ಎದುರಿಸಿ ಜನರನ್ನು ಎಬ್ಬಿಸುವುದು ಒಂದು ಬಗೆ. ಒಳ್ಳೆಯವರೆಂದು ಜನ ಕೈಮುಗಿಯುವ ಮಹಾರಾಜರ ರಾಜ್ಯದಲ್ಲಿ ‘ನಮಗೆ ಲೆಕ್ಕ ಕೇಳುವ ಹಕ್ಕು ಬೇಕು’ ಎಂದು ಹೇಳುವುದು ಬೇರೆಯೇ ಬಗೆ, ಬಹುಶಃ ಹೆಚ್ಚು ಕಷ್ಟದ್ದು. ಮೈಸೂರಿನ ಚಳವಳಿಗಾರರ ಪಾಲಿಗೆ ಬಂದುದು ಈ ಎರಡನೆಯದು.

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ಹುಟ್ಟಿದುದು 1902ರ ಮೇ 4ರಂದು. ಅವರ ಊರು ಅಂದಿಗೆ ಬೌರಿಂಗ್‌ಪೇಟೆ ತಾಲ್ಲೂಕಿಗೆ ಸೇರಿದ್ದಿತು, ಇಂದು ಕೆ.ಜಿ.ಎಫ್. ತಾಲ್ಲೂಕಿನಲ್ಲಿದೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ತೊಂಬತ್ತು ಮೈಲಿ ಹಾದು ಕೋಲಾರದ ಚಿನ್ನದ ಗಣಿಗಳಿಗೆ ಬಂದಿತು. ಬೆಂಗಳೂರು ನಗರದ ಬೀದಿಗಳಿಗೆ ಅದು ಬಂದುದು ಮೂರು ವರ್ಷ ತಡವಾಗಿ. ಸುತ್ತಲಿನ ಹಳ್ಳಿಗಳ ಮಾತೇ ಬೇಡ. ಗಣಿಯ ಮಗ್ಗುಲಲ್ಲಿದ್ದ ರೈತನ ಮನೆಯಲ್ಲಿ ಎಣ್ಣೆಯ ದೀಪವೇ ಉರಿಯುತ್ತಿದ್ದಿತು. ಮಾದರಿ ಸಂಸ್ಥಾನದ ಏಳಿಗೆ ಯಾರನ್ನು ಮೊದಲು ಮುಟ್ಟಿತು, ಯಾರನ್ನು ಕೊನೆಗೆ ಮುಟ್ಟಿತು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಪುಸ್ತಕ ನೋಡಿ ತಿಳಿಸಬೇಕಾದುದಿಲ್ಲ.

ರೆಡ್ಡಿಯವರು ನ್ಯಾಯಶಾಸ್ತ್ರ ಓದಿ, 1930ರಲ್ಲಿ ಕೆಲವರು ಸ್ನೇಹಿತರೊಡನೆ ‘ಪ್ರಜಾಪಕ್ಷ’ವನ್ನು ಕಟ್ಟಿದರು. ಈ ಪಕ್ಷದ ವಿಶೇಷ ತಿಳಿಯಬೇಕಾದರೆ ಅಂದಿನ ಇತರ ಎರಡು ಗುಂಪುಗಳನ್ನು ನೆನೆಯಬೇಕು. ಒಂದು, 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಳಿ. ಬ್ರಾಹ್ಮಣೇತರರಿಗೆ ವಿದ್ಯಾಭ್ಯಾಸದಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ನ್ಯಾಯವಾದ ಪಾಲು ದೊರೆಯಬೇಕೆಂಬುದು ಅದರ ಹೋರಾಟ. ಮಿಲ್ಲರ್ ಸಮಿತಿ ನೇಮಕವಾದುದು ಆ ಕಾಲದ ಒತ್ತಾಯದಿಂದ. ಹುದ್ದೆಯನ್ನು ಕೊಡುವವರು ಅರಮನೆಯವರು. ಆದುದರಿಂದ ಮಂಡಳಿಯು ಅರಮನೆಯನ್ನು ಎದುರು ಹಾಕಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಇನ್ನೊಂದು, ಮೈಸೂರಿನ ಕಾಂಗ್ರೆಸ್ಸು. ಗಾಂಧೀಜಿಯವರ ಪ್ರಭಾವದಿಂದ ಬೆಳೆದ ಈ ಸಂಸ್ಥೆಯಲ್ಲಿ ತ್ಯಾಗಿಗಳಿಗೆ ಕೊರತೆಯಿರಲಿಲ್ಲ. ಆದರೆ ಅದರಲ್ಲಿದ್ದವರು ಬಹುಮಟ್ಟಿಗೆ ಪಟ್ಟಣಗಳ ವಕೀಲರು, ಪತ್ರಿಕೆಯವರು, ಅವರಲ್ಲಿ ಹೆಚ್ಚಿನವರು ಬ್ರಾಹ್ಮಣರು. ಒಂದು ಗುಂಪಿಗೆ ಹಳ್ಳಿಗಳ ಸಂಪರ್ಕವಿದ್ದಿತು, ಜವಾಬ್ದಾರಿ ಸರ್ಕಾರದ ಗುರಿಯಿರಲಿಲ್ಲ. ಇನ್ನೊಂದಕ್ಕೆ ಗುರಿಯಿದ್ದಿತು, ಹಳ್ಳಿಯಿರಲಿಲ್ಲ.

ಪ್ರಜಾಪಕ್ಷ ಈ ಎರಡರ ನಡುವೆ ಹುಟ್ಟಿತು. ಹಳ್ಳಿಯ ಒಕ್ಕಲು ಕುಟುಂಬಗಳಿಂದ ಬಂದ ಹೊಸ ವಿದ್ಯಾವಂತರು ಅದರ ಬೆನ್ನೆಲುಬು. ಜವಾಬ್ದಾರಿ ಸರ್ಕಾರ ಬೇಕೆಂದು ಅದು ನೇರವಾಗಿ ಹೇಳಿತು, ರೈತನ ಕಷ್ಟವನ್ನು ಅದರ ಜೊತೆಗೆ ಕಟ್ಟಿತು. ಆ ವರ್ಷಗಳು ಜಗತ್ತಿನ ಆರ್ಥಿಕ ಮುಗ್ಗಟ್ಟಿನ ವರ್ಷಗಳೆಂಬುದನ್ನು ಮರೆಯಬಾರದು. ದವಸದ ಬೆಲೆ ಕುಸಿದಿದ್ದಿತು, ಕಂದಾಯ ಮಾತ್ರ ಇದ್ದಷ್ಟೇ ಇದ್ದಿತು. ರಾಗಿ ಮಾರಿ ಕಂದಾಯ ಕಟ್ಟುವ ರೈತನಿಗೆ, ‘ಸಭೆಗೆ ಜವಾಬ್ದಾರಿಯಾದ ಮಂತ್ರಿಮಂಡಲ’ ಎಂಬ ಮಾತಿನ ಅರ್ಥವನ್ನು ಆ ಕಂದಾಯದ ರಸೀತಿಯ ಮೂಲಕವೇ ತಿಳಿಸಬೇಕಾಗಿದ್ದಿತು.

1934ರಲ್ಲಿ ಪ್ರಜಾಪಕ್ಷವೂ ಪ್ರಜಾಮಿತ್ರ ಮಂಡಳಿಯೂ ಕೂಡಿ ಪ್ರಜಾಸಂಯುಕ್ತ ಪಕ್ಷವಾಯಿತು. 1937ರ ಅಕ್ಟೋಬರಿನಲ್ಲಿ ಈ ಪಕ್ಷ ತನ್ನನ್ನು ತಾನೇ ಮುಗಿಸಿಕೊಂಡು ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ರೆಡ್ಡಿಯವರ ಜೀವನದಲ್ಲಿ ಅತ್ಯಂತ ಮಹತ್ವದ ವರ್ಷ ಯಾವುದೆಂದು ಕೇಳಿದರೆ ಎಲ್ಲರೂ 1947 ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ 1937. ತಾವೇ ಕಟ್ಟಿದ ಪಕ್ಷವನ್ನು, ಅದೂ ಬೆಳೆಯುತ್ತಿರುವಾಗ, ಮತ್ತೊಂದು ಸಂಸ್ಥೆಗೆ ಧಾರೆಯೆರೆಯುವುದು ರಾಜಕೀಯದಲ್ಲಿ ಅಪರೂಪದ ಕೆಲಸ. ಅದರಿಂದ ಕಳೆದುಕೊಳ್ಳಬಹುದಾಗಿದ್ದುದೂ ಅಲ್ಪವಲ್ಲ. ಅರಮನೆಯ ಕೃಪೆ ಹೋಗುತ್ತದೆ. ‘ಬ್ರಾಹ್ಮಣರ ಕಾಂಗ್ರೆಸ್ಸಿಗೆ ನಮ್ಮನ್ನು ಮಾರಿದರು’ ಎಂಬ ಆಪಾದನೆಗೆ ಎಡೆಯಾಗುತ್ತದೆ. ಆ ಕಡೆ ಹಳೆಯ ಕಾಂಗ್ರೆಸ್ಸಿಗರ ಸಂಶಯವೂ ತಪ್ಪುವುದಿಲ್ಲ. ಆದರೂ ಲೀನವಾಯಿತು, 1937–38ರಲ್ಲಿ ರೆಡ್ಡಿಯವರೇ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಹಳ್ಳಿಗೂ ಗುರಿಗೂ ಇದ್ದ ಅಂತರ ಅಲ್ಲಿ ಮುಚ್ಚಿಹೋಯಿತು.

ಪರಿಣಾಮ ಕಾಣುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಆರು ತಿಂಗಳು ಕಳೆಯುವುದರೊಳಗೆ, 1938ರ ಏಪ್ರಿಲಿನಲ್ಲಿ, ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅಲ್ಲಿಗೆ ಬಂದು ಸೇರಿದ ಜನಸ್ತೋಮ ಹಳ್ಳಿಗಳದು. ಅದೇ ತಿಂಗಳ 25ರಂದು ನಮ್ಮ ಜಿಲ್ಲೆಯ ವಿದುರಾಶ್ವತ್ಥ. ಗೌರಿಬಿದನೂರು ತಾಲ್ಲೂಕಿನ ಈ ಕ್ಷೇತ್ರ 2007ರಿಂದೀಚೆಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅಂದು ಅದು ಕೋಲಾರ ಜಿಲ್ಲೆಯೇ. ಧ್ವಜಾರೋಹಣಕ್ಕೆಂದು, ಸಭೆಗೆಂದು ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿಯೆಂದು ಸರ್ಕಾರ ಹೇಳಿತು, ಜನರು ಲೆಕ್ಕ ಹಿಡಿದುದು 32. ಗಾಂಧೀಜಿಯವರು ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು. ಕಾಂಗ್ರೆಸ್ ಸಂಸ್ಥೆಗೆ ಮಾನ್ಯತೆ ದೊರೆಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ತ್ರಿವರ್ಣ ಧ್ವಜವನ್ನೂ ಹಾರಿಸಬಹುದೆಂದಾಯಿತು. ಧ್ವಜ ಬಂದಿತು, ಜವಾಬ್ದಾರಿ ಸರ್ಕಾರ ಬರಲಿಲ್ಲ.

ಮುಂದಿನ ಒಂಬತ್ತು ವರ್ಷಗಳ ಕಥೆ ಸೆರೆಮನೆಗಳ, ಸಂಧಾನಗಳ, ಅರೆಮನಸ್ಸಿನ ಸುಧಾರಣೆಗಳ ಕಥೆ. 1940ರ ಶಾಸನದಿಂದಲೂ ಮೂಲಪ್ರಶ್ನೆ ಬಗೆಹರಿಯಲಿಲ್ಲ. 1942ರಲ್ಲಿ ಈಸೂರು ಹೊತ್ತಿ ಉರಿಯಿತು. ದಿವಾನರ ಪೀಠದಲ್ಲಿ ಮಿರ್ಜಾ ಅವರ ತರುವಾಯ ಮಾಧವರಾಯರು, ಅವರ ತರುವಾಯ 1946ರಲ್ಲಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಬಂದರು. ಅದೇ ವೇಳೆಗೆ ರೆಡ್ಡಿಯವರು ಎರಡನೆಯ ಬಾರಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

1947ರ ಆಗಸ್ಟ್ 9ರಂದು ಮಹಾರಾಜ ಜಯಚಾಮರಾಜ ಒಡೆಯರವರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆಗಸ್ಟ್ 15 ಬಂದಿತು, ಹೋಯಿತು. ಬ್ರಿಟಿಷರು ಹೋದರು, ಮೈಸೂರಿನ ಪ್ರಜೆಯ ಪಾಲಿಗೆ ದಿವಾನರ ಆಡಳಿತ ಹಾಗೆಯೇ ನಿಂತಿತು. ಅತ್ತ ಸೇಲಂನ ರೈತ, ಇತ್ತ ಧಾರವಾಡದ ರೈತ ತಾನು ಆರಿಸಿದವರ ಸರ್ಕಾರದಲ್ಲಿರುವಾಗ ಕೋಲಾರದ ರೈತ ಮಾತ್ರ ಅರಿಕೆ ಮಾಡಿಕೊಳ್ಳುವ ಪ್ರಜೆಯಾಗಿಯೇ ಉಳಿದನು. ಸೆಪ್ಟೆಂಬರ್ ಮೊದಲ ವಾರದಲ್ಲಿ ‘ಮೈಸೂರು ಚಲೋ’ ಆರಂಭವಾಯಿತು. ಅರಮನೆಯ ಮುಂದೆ ಸತ್ಯಾಗ್ರಹ ಮಾಡಬೇಕೆಂದು ಜನ ಗುಂಪುಗುಂಪಾಗಿ ಹೊರಟರು. ರೆಡ್ಡಿಯವರೂ ಇತರ ನಾಯಕರೂ ದಸ್ತಗಿರಿಯಾದರು. ನಾಯಕರು ಒಳಗೆ ಹೋದ ಮೇಲೆ ಚಳವಳಿಯನ್ನು ಬೀದಿಯಲ್ಲಿ ಉಳಿಸಿದವರಲ್ಲಿ ವಿದ್ಯಾರ್ಥಿಗಳು ಬಹು ಮಂದಿ. ಸೆಪ್ಟೆಂಬರ್ 13ರಂದು ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಆ ಊರಿನ ರಾಮಸ್ವಾಮಿ ವೃತ್ತಕ್ಕೆ ಹೆಸರು ಬಂದುದು ಈ ಹುಡುಗನಿಂದ. ದೇಶ ಸ್ವತಂತ್ರವಾಗಿ ಆಗ ಒಂದು ತಿಂಗಳೂ ತುಂಬಿರಲಿಲ್ಲ.

ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ರೆಡ್ಡಿಯವರೊಡನೆ ಮಾತುಕತೆ ನಡೆದು, ಒಂಬತ್ತು ಮಂದಿಯ ಮಂತ್ರಿಮಂಡಲವೆಂದು ನಿಶ್ಚಯವಾಯಿತು: ಆರು ಮಂದಿ ಕಾಂಗ್ರೆಸ್ಸಿನವರು, ಮೂವರು ಇತರರು. 1947ರ ಅಕ್ಟೋಬರ್ 25ರಂದು ಕೆ. ಸಿ. ರೆಡ್ಡಿಯವರು ಮೈಸೂರಿನ ಮುಖ್ಯಮಂತ್ರಿಯಾದರು. ಎಚ್. ಸಿ. ದಾಸಪ್ಪ, ಕೆ. ಟಿ. ಭಾಷ್ಯಂ ಮೊದಲಾದವರು ಅವರ ಜೊತೆಗಾರರು. ಕೆಲವೇ ವಾರಗಳ ಹಿಂದೆ ಸೆರೆಮನೆಯಲ್ಲಿದ್ದವರು ಈಗ ಕಡತಗಳ ಮುಂದೆ ಕುಳಿತರು. ಆದರೆ ಒಪ್ಪಂದದಿಂದ ಎಲ್ಲವೂ ಬಂದುಬಿಡಲಿಲ್ಲ. ಮಹಾರಾಜರೂ ಇದ್ದರು, ದಿವಾನರೂ ಇದ್ದರು. ರಾಮಸ್ವಾಮಿ ಮೊದಲಿಯಾರರು 1949ರವರೆಗೆ ಸ್ಥಾನದಲ್ಲಿ ಮುಂದುವರಿದರು. ಮುಖ್ಯಮಂತ್ರಿಯೂ ದಿವಾನರೂ ಒಂದೇ ರಾಜ್ಯದಲ್ಲಿ ಒಟ್ಟಿಗೆ ಇದ್ದ ಈ ಎರಡು ವರ್ಷಗಳನ್ನು ನಮ್ಮ ಪಠ್ಯಪುಸ್ತಕಗಳು ದಾಟಿಹೋಗುತ್ತವೆ. ಹಳೆಯ ಯಜಮಾನನ ಮನೆಯ ಕೀಲಿಕೈಗೊಂಚಲಿನಲ್ಲಿ ಕೆಲವು ಹೊಸಬನ ಕೈಗೆ ಬಂದು, ಕೆಲವು ಇನ್ನೂ ಹಳಬನ ಸೊಂಟದಲ್ಲಿಯೇ ಉಳಿದಂತಹ ಸ್ಥಿತಿ ಅದು.

ಇಲ್ಲಿ ಬ್ಲಮ್ ಅವರನ್ನು ಮತ್ತೆ ನೆನೆದರೆ ಪ್ರಯೋಜನವುಂಟು. 1872ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತ ಸಾಹಿತ್ಯ ವಿಮರ್ಶಕ, ನ್ಯಾಯಜ್ಞ. 1920ರಲ್ಲಿ ಫ್ರಾನ್ಸಿನ ಸಮಾಜವಾದಿ ಪಕ್ಷ ಒಡೆದು ಬಹುಸಂಖ್ಯಾತರು ಕಮ್ಯೂನಿಸ್ಟರಾದಾಗ, ಉಳಿದ ಸಣ್ಣ ಗುಂಪನ್ನು ಹಿಡಿದು ಕಟ್ಟಿದವರು. ಅಧಿಕಾರವನ್ನು ಕುರಿತು ಅವರು ಒಂದು ವ್ಯತ್ಯಾಸವನ್ನು ಮಾಡಿದರು. ಅಧಿಕಾರವನ್ನು ಜಯಿಸುವುದು ಒಂದು, ಚಲಾಯಿಸುವುದು ಮತ್ತೊಂದು. ಜಯಿಸುವುದೆಂದರೆ ಸಮಾಜದ ಬುಡವನ್ನೇ ಬದಲಾಯಿಸುವ ಶಕ್ತಿ ಕೈಗೆ ಬರುವುದು. ಚಲಾಯಿಸುವುದೆಂದರೆ ಹಳೆಯ ಚೌಕಟ್ಟು ಹಾಗೆಯೇ ನಿಂತಿರುವಾಗ ಅದರೊಳಗೆ ಕುಳಿತು ಆಡಳಿತ ನಡೆಸುವುದು. ಎರಡನೆಯದನ್ನು ಮೊದಲನೆಯದೆಂದು ಯಾರೂ ಭ್ರಮಿಸಬಾರದೆಂದು ಅವರು ತಮ್ಮ ಪಕ್ಷದವರಿಗೆ ಎಚ್ಚರಿಕೆ ಹೇಳುತ್ತಿದ್ದರು.

1936ರ ಜೂನ್ 4ರಂದು ಬ್ಲಮ್ ಪ್ರಧಾನಿಯಾದಾಗ ಫ್ರಾನ್ಸಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದ್ದರು. ಕೆಲವೇ ದಿನಗಳಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಒಪ್ಪಂದ ಮಾಡಿಸಿದರು. ವಾರಕ್ಕೆ 40 ಗಂಟೆಗಳ ದುಡಿಮೆ, ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಶಾಸನವಾದವು. ಹೆಂಗಸರಿಗೆ ಮತದಾನದ ಹಕ್ಕೇ ಇಲ್ಲದಿದ್ದ ದೇಶದಲ್ಲಿ ಮೂವರು ಮಹಿಳೆಯರನ್ನು ಉಪಮಂತ್ರಿಗಳನ್ನಾಗಿ ಮಾಡಿದರು. ಆದರೆ ಚೌಕಟ್ಟು ಹಳೆಯದೇ. ಕೆಳಮನೆ ಅವರ ಕಡೆಗಿದ್ದರೂ, ಹಣಕಾಸಿನ ವಿಶೇಷಾಧಿಕಾರವನ್ನು ಕೇಳಿದಾಗ ಮೇಲ್ಮನೆ ನಿರಾಕರಿಸಿತು. 1937ರ ಜೂನಿನಲ್ಲಿ ಅವರು ರಾಜೀನಾಮೆಯಿತ್ತರು. ಆ ಎರಡು ವಾರದ ರಜೆಯನ್ನು ಮಾತ್ರ ಅನಂತರ ಬಂದವರಾರೂ ತೆಗೆದುಹಾಕಲು ಧೈರ್ಯ ಮಾಡಲಿಲ್ಲ.

ರೆಡ್ಡಿಯವರು ಸಮಾಜವಾದಿಯಲ್ಲ, ಮೈಸೂರು ಫ್ರಾನ್ಸ್ ಅಲ್ಲ. ಆದರೆ 1947ರ ಅಕ್ಟೋಬರಿನಲ್ಲಿ ಅವರ ಮುಂದಿದ್ದುದು ಇದೇ ಪ್ರಶ್ನೆ: ಪೂರ್ಣಾಧಿಕಾರ ಬರುವವರೆಗೆ ಹೊರಗೆ ನಿಂತು ಹೋರಾಡುವುದೇ, ಅರೆ ಅಧಿಕಾರವನ್ನು ಹಿಡಿದು ಉಳಿದರ್ಧವನ್ನು ಒಳಗಿನಿಂದ ಪಡೆಯುವುದೇ? ಅವರು ಎರಡನೆಯದನ್ನು ಆರಿಸಿಕೊಂಡರು. ದಿವಾನರಿರುವಾಗ ಒಪ್ಪಿದುದೇ ತಪ್ಪು ಎಂದು ವಾದಿಸಲು ಸಾಧ್ಯವುಂಟು. ಫಲವನ್ನು ನೋಡಿದರೆ ಆ ವಾದ ನನಗೆ ಹಿಡಿಸುವುದಿಲ್ಲ. ಬ್ಲಮ್ ಅವರಿಗೆ ಇಲ್ಲದ ಒಂದು ಅನುಕೂಲ ರೆಡ್ಡಿಯವರಿಗಿದ್ದಿತು. ಫ್ರಾನ್ಸಿನ ಹಳೆಯ ಚೌಕಟ್ಟು ಭದ್ರವಾಗಿದ್ದಿತು. ಮೈಸೂರಿನದು ದೆಹಲಿಯಲ್ಲಿ ರಾಜ್ಯಾಂಗ ಬರೆಯಲಾಗುತ್ತಿದ್ದಂತೆ ದಿನದಿನಕ್ಕೂ ಕರಗುತ್ತಿದ್ದಿತು. ಕಾಯುವುದಕ್ಕೆ ಅರ್ಥವಿದ್ದಿತು.

ಆ ರಾಜ್ಯಾಂಗ ಸಭೆಗೆ ಮೈಸೂರಿನಿಂದ ಹೋದ ಏಳು ಮಂದಿಯಲ್ಲಿ ರೆಡ್ಡಿಯವರೂ ಒಬ್ಬರು. ಕೋಲಾರದ ರಂಗಮಂದಿರಕ್ಕೆ ಯಾರ ಹೆಸರನ್ನಿಟ್ಟಿದೆಯೋ ಆ ಟಿ. ಚನ್ನಯ್ಯನವರೂ ಅವರಲ್ಲಿ ಒಬ್ಬರು, ಮುಂದೆ ರೆಡ್ಡಿಯವರ ಸ್ಥಾನಕ್ಕೆ ಬಂದ ಕೆಂಗಲ್ ಹನುಮಂತಯ್ಯನವರೂ ಒಬ್ಬರು. ಮೈಸೂರಿಗೇ ಪ್ರತ್ಯೇಕ ರಾಜ್ಯಾಂಗ ಬರೆಯಲು ಬೇರೊಂದು ಸಭೆಯೂ ಏರ್ಪಟ್ಟಿದ್ದಿತು; ಭಾರತದ ರಾಜ್ಯಾಂಗವನ್ನೇ ಅಂಗೀಕರಿಸುವುದು ಮೇಲೆಂದು ಆ ಸಭೆ ಶಿಫಾರಸು ಮಾಡಿತು. 1949ರ ನವೆಂಬರ್ 25ರಂದು ಮಹಾರಾಜರು ಅದಕ್ಕೆ ಒಪ್ಪಿ ಘೋಷಣೆ ಹೊರಡಿಸಿದರು. ಪ್ರಜಾಪ್ರತಿನಿಧಿ ಸಭೆ ಆ ವರ್ಷದ ಕೊನೆಗೆ ಮುಗಿಯಿತು. 1950ರ ಜನವರಿ 26ರಂದು ಮಹಾರಾಜರು ರಾಜಪ್ರಮುಖರಾದರು. ಮುಖ್ಯಮಂತ್ರಿ ಹಿಂದಿನ ದಿನ ಇದ್ದವರೇ, ಪೀಠವೂ ಅದೇ. ಆದರೆ 25ರವರೆಗೆ ಅದು ಒಪ್ಪಂದದಿಂದ ದೊರೆತ ಪೀಠ, 26ರಿಂದ ರಾಜ್ಯಾಂಗದ ಪೀಠ. ಕೀಲಿಕೈಗೊಂಚಲು ಪೂರ್ತಿಯಾಗಿ ಕೈಗೆ ಬಂದಿತು, ಆ ದಿನ ಮೈಸೂರಿನಲ್ಲಿ ಒಂದು ಕಲ್ಲೂ ಹಾರಲಿಲ್ಲ.

ಇಂತಹ ಮಧ್ಯಕಾಲದ ಸರ್ಕಾರದಿಂದ ಭಾರಿ ಕೆಲಸಗಳನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಅದರ ಶ್ರೇಯಸ್ಸಿನ ದೊಡ್ಡ ಪಾಲು ಹಿಂದಿನವರಿಗೆ ಸಲ್ಲಬೇಕು. 1948ರಲ್ಲಿಯೇ ದೇವಸ್ಥಾನ ಪ್ರವೇಶದ ಶಾಸನವಾಯಿತು. ನಮಗೆ ದಿನವೂ ಸಂಬಂಧಪಟ್ಟ ಕೆಲಸವೊಂದಿದೆ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಇಂದಿನ ಕೆ.ಎಸ್.ಆರ್.ಟಿ.ಸಿ. ಬೆಳೆದುದು ಆ ಬೇರಿನಿಂದ. ಬೆಳಗಿನ ಬಸ್ಸಿನಲ್ಲಿ ಸ್ಥಳ ಸಿಕ್ಕದೆ ಬಾಗಿಲಲ್ಲಿ ನಿಂತು ಬರುವ ಮಿತ್ರರು ಇದನ್ನು ನೆನಪಿನಲ್ಲಿಟ್ಟುಕೊಂಡು ಬೈಯಬಹುದು ಅಥವಾ ಹೊಗಳಬಹುದು. 1951ರ ಜುಲೈ 13ರಂದು ಪಂಡಿತ ನೆಹರೂ ಅವರು ವಿಧಾನಸೌಧಕ್ಕೆ ಅಸ್ತಿಭಾರ ಹಾಕಿದಾಗಲೂ ಮುಖ್ಯಮಂತ್ರಿ ರೆಡ್ಡಿಯವರೇ. ಆ ಸೌಧದ ಇಂದಿನ ಭವ್ಯರೂಪ ಹನುಮಂತಯ್ಯನವರದು. ಜನ ಅವರ ಹೆಸರನ್ನೇ ಹೇಳುತ್ತಾರೆ, ಅದು ನ್ಯಾಯವೂ ಹೌದು.

1952ರ ಆದಿಯಲ್ಲಿ ವಯಸ್ಕ ಮತದಾನದ ಮೊದಲನೆಯ ಮಹಾಚುನಾವಣೆ ನಡೆಯಿತು. ಹೆಂಗಸರು ಗಂಡಸರೆನ್ನದೆ, ಜಮೀನು ಇದೆಯೇ ಇಲ್ಲವೇ ಎಂದು ನೋಡದೆ, ಎಲ್ಲರಿಗೂ ಮತ. ಮೈಸೂರಿನ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಬಂದವು. ರೆಡ್ಡಿಯವರ ಹೋರಾಟದ ಗುರಿ ಪೂರ್ಣವಾಗಿ ಕೈಗೂಡಿದುದು ಈ ದಿನ ಎನ್ನಬೇಕು. ಪಕ್ಷದ ಒಳಗಿನ ಬಲಾಬಲ ಆ ವೇಳೆಗೆ ಬದಲಾಗಿದ್ದಿತು. ಮಾರ್ಚ್ 30ರಂದು ಮುಖ್ಯಮಂತ್ರಿಯಾದವರು ಕೆಂಗಲ್ ಹನುಮಂತಯ್ಯನವರು. ಹೀಗೆ, ಜನರಿಗೆ ಲೆಕ್ಕ ಒಪ್ಪಿಸುವ ಪೀಠವೊಂದಿರಬೇಕೆಂದು ಇಪ್ಪತ್ತೆರಡು ವರ್ಷ ದುಡಿದವರು, ಎಲ್ಲ ಜನರೂ ಮತ ಹಾಕಿ ಆರಿಸಿದ ಮೊದಲ ಸಭೆಯ ಎದುರಿಗೆ ಮುಖ್ಯಮಂತ್ರಿಯಾಗಿ ನಿಲ್ಲಲಿಲ್ಲ. ‘ಪ್ರಥಮ ಮುಖ್ಯಮಂತ್ರಿ’ ಎಂಬ ಒಂದಂಕದ ಉತ್ತರದಲ್ಲಿ ಈ ವಿಷಯ ಅಡಗಿಹೋಗುತ್ತದೆ. ಇನ್ನೊಂದೂ ಅಡಗುತ್ತದೆ: ಅವರು ಆಳಿದುದು ಒಂಬತ್ತು ಜಿಲ್ಲೆಗಳ ಮೈಸೂರನ್ನು. ಕನ್ನಡನಾಡು ಒಂದಾದುದು 1956ರಲ್ಲಿ, ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ.

ಪೀಠ ಹೋದುದಕ್ಕೆ ರೆಡ್ಡಿಯವರು ಹೊಸ ಪಕ್ಷ ಕಟ್ಟಲಿಲ್ಲ. 1930ರಲ್ಲಿ ಕಟ್ಟಿದವರು, 1937ರಲ್ಲಿ ಕರಗಿಸಿದವರು. ಮೂರನೆಯ ಸಲ ಆ ದಾರಿಗೆ ಹೋಗಲಿಲ್ಲ. ಅದೇ ವರ್ಷ ನೆಹರೂ ಅವರ ಮಂತ್ರಿಮಂಡಲವನ್ನು ಸೇರಿ ಉತ್ಪಾದನಾ ಖಾತೆಯನ್ನು ವಹಿಸಿಕೊಂಡರು. ದೇಶ ತನ್ನ ದೊಡ್ಡ ಸರ್ಕಾರಿ ಕಾರ್ಖಾನೆಗಳನ್ನು ಕಟ್ಟಲು ತೊಡಗಿದ ಕಾಲ ಅದು, ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪಿತವಾದುದು 1953ರಲ್ಲಿ. 1957ರಲ್ಲಿ ಕೋಲಾರ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದು, ಕಾಮಗಾರಿ, ವಸತಿ ಮತ್ತು ಸರಬರಾಜು ಖಾತೆಯ ಮಂತ್ರಿಯಾದರು. 1961ರಿಂದ 1963ರವರೆಗೆ ವಾಣಿಜ್ಯ ಮತ್ತು ಕೈಗಾರಿಕೆ ಖಾತೆ ಅವರದಾಗಿದ್ದಿತು.

1965ರಲ್ಲಿ ಅವರು ಮಧ್ಯಪ್ರದೇಶದ ರಾಜ್ಯಪಾಲರಾದರು. ರಾಜ್ಯಪಾಲರೆಂದರೆ ವಿಶ್ರಾಂತಿಯ ಹುದ್ದೆಯೆಂದು ಭಾವಿಸುವವರು 1967ರ ಭೋಪಾಲವನ್ನು ನೋಡಬೇಕು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಂದು ದ್ವಾರಕಾಪ್ರಸಾದ್ ಮಿಶ್ರರು ಮುಖ್ಯಮಂತ್ರಿಗಳಾಗಿದ್ದರು. ಜುಲೈ ತಿಂಗಳಲ್ಲಿ, ಆಯವ್ಯಯದ ಅಧಿವೇಶನ ನಡೆಯುತ್ತಿರುವಾಗಲೇ, ಗೋವಿಂದ ನಾರಾಯಣ ಸಿಂಗರ ಮುಂದಾಳುತನದಲ್ಲಿ 36 ಮಂದಿ ಕಾಂಗ್ರೆಸ್ ಸದಸ್ಯರು ಎದುರು ಪಕ್ಷಕ್ಕೆ ಹೋದರು. ಸಭೆಯಲ್ಲಿ ಬಹುಮತ ಹೋದುದು ಕಣ್ಣಿಗೆ ಕಾಣುತ್ತಿದ್ದಿತು. ಅಧಿವೇಶನವನ್ನು ಮುಕ್ತಾಯಗೊಳಿಸಬೇಕೆಂದು ಮಿಶ್ರರು ಸಲಹೆ ಮಾಡಿದರು. ರಾಜ್ಯಪಾಲರು ಹಾಗೆಯೇ ಮಾಡಿದರು.

ಇದು ಬಹಳ ಟೀಕೆಗೆ ಗುರಿಯಾಯಿತು. ಟೀಕಿಸಿದವರ ವಾದ ಸುಲಭವಾದುದು: ಸಭೆಯ ವಿಶ್ವಾಸ ತಪ್ಪಿದ ಮಂತ್ರಿಮಂಡಲಕ್ಕೆ ಸಭೆಯಿಂದ ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಟ್ಟಂತಾಯಿತು. ಜವಾಬ್ದಾರಿ ಸರ್ಕಾರಕ್ಕಾಗಿ ಸೆರೆಮನೆಗೆ ಹೋದವರು ಹೀಗೆ ಮಾಡಬಹುದೇ? ಉತ್ತರವೂ ಅದೇ ತತ್ತ್ವದಿಂದಲೇ ಹುಟ್ಟುತ್ತದೆ, ಕಷ್ಟವಿರುವುದು ಅಲ್ಲಿಯೇ. ಮಂತ್ರಿಗಳ ಸಲಹೆಯನ್ನು ತಳ್ಳಿಹಾಕಿ ತನ್ನ ಬುದ್ಧಿಯಂತೆ ನಡೆಯುವ ರಾಜ್ಯಪಾಲರು ಹಳೆಯ ದಿವಾನರ ನೆರಳೇ ಆಗುತ್ತಾರೆ. 1947ರಲ್ಲಿ ರೆಡ್ಡಿಯವರು ಕೇಳಿದ್ದು, ಮೇಲಿನಿಂದ ನೇಮಕವಾದವರು ಚುನಾಯಿತ ಮಂತ್ರಿಯ ಮಾತಿಗೆ ಅಡ್ಡಬರಬಾರದೆಂದು. ಈಗ ಮೇಲಿನಿಂದ ನೇಮಕವಾದವರು ಅವರೇ. ಇವೆರಡು ವಾದಗಳಲ್ಲಿ ನನಗೆ ಮೊದಲನೆಯದೇ ಬಲವಾಗಿ ಕಾಣುತ್ತದೆ, ಏಕೆಂದರೆ ಮಂತ್ರಿಯ ಮಾತಿಗೆ ತೂಕ ಬರುವುದು ಸಭೆಯಿಂದ. ಸಭೆಯೇ ಕೈಬಿಟ್ಟ ಮೇಲೆ ಆ ಮಾತಿನ ತೂಕವೆಲ್ಲಿ? ನಮ್ಮ ಅಧ್ಯಾಪಕರಲ್ಲಿ ಹಲವರು ಇದನ್ನು ಒಪ್ಪಲಾರರು, ಚರ್ಚೆಗೆ ಅವಕಾಶವಿದೆ.

ಅಧಿವೇಶನವನ್ನು ಮುಂದೂಡಿದುದರಿಂದ ಮಿಶ್ರರಿಗೆ ದೊರೆತುದು ಕೆಲವು ದಿನಗಳು ಮಾತ್ರ. ಸಭೆ ಮತ್ತೆ ಸೇರಿದಾಗ ಅವರ ಮಂತ್ರಿಮಂಡಲ ಉಳಿಯಲಿಲ್ಲ, ಜುಲೈ 30ರಂದು ಗೋವಿಂದ ನಾರಾಯಣ ಸಿಂಗರು ಮುಖ್ಯಮಂತ್ರಿಯಾದರು. 1969ರಲ್ಲಿ ಅವರೂ ಹೋದರು. ನರೇಶಚಂದ್ರ ಸಿಂಗರು ಹದಿಮೂರು ದಿನ ಆಳಿದರು. ಮತ್ತೆ ಕಾಂಗ್ರೆಸ್ಸು ಬಂದಿತು. ಪಕ್ಷಾಂತರವನ್ನು ತಡೆಯುವ ಶಾಸನ ಬಂದುದು 1985ರಲ್ಲಿ. ಬಹುಮತವನ್ನು ಅಳೆಯಬೇಕಾದ ಸ್ಥಳ ಸಭೆಯ ಅಂಗಳವೇ, ರಾಜಭವನವಲ್ಲ ಎಂದು ಸುಪ್ರೀಂ ಕೋರ್ಟು ಖಚಿತವಾಗಿ ಹೇಳಿದುದು 1994ರಲ್ಲಿ. ಆ ಮೊಕದ್ದಮೆಯನ್ನು ಹೂಡಿದವರೂ ಕರ್ನಾಟಕದ ಒಬ್ಬ ಮುಖ್ಯಮಂತ್ರಿ, 1989ರಲ್ಲಿ ಪದಚ್ಯುತರಾದ ಎಸ್. ಆರ್. ಬೊಮ್ಮಾಯಿಯವರು.

ರೆಡ್ಡಿಯವರು 1971ರಲ್ಲಿ ಭೋಪಾಲದಿಂದ ನಿವೃತ್ತರಾದರು. ಅವರು ಕಾಲವಾದುದು 1976ರ ಫೆಬ್ರವರಿ 27ರಂದು. ಆಗ ದೇಶದಲ್ಲಿ ತುರ್ತುಪರಿಸ್ಥಿತಿಯಿದ್ದಿತು. ಅದೇ ತಿಂಗಳಿನಲ್ಲಿ ಲೋಕಸಭೆಯು, ಚುನಾವಣೆಯ ಕಾಲ ಬಂದಿದ್ದರೂ, ಶಾಸನ ಮಾಡಿ ತನ್ನ ಆಯುಸ್ಸನ್ನು ಒಂದು ವರ್ಷ ಹೆಚ್ಚಿಸಿಕೊಂಡಿದ್ದಿತು.